ಡೀಲರ್ ಕೊಟ್ಟ ಹಳೆ ಕಾರು ಕೈಕೊಟ್ಟರೆ: ಗ್ರಾಹಕರ ಆಯೋಗವೋ, ಠಾಣೆಯೋ, ಸಿವಿಲ್ ಕೋರ್ಟೋ?

ಕಾರು ಮನೆಗೆ ಬಂದು ಹತ್ತು ದಿನವಾಗಿರುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಟೆಂಪರೇಚರ್ ಮುಳ್ಳು ಮೇಲೇರುತ್ತದೆ, ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರುತ್ತದೆ. ಎಂಜಿನ್ ಆಯಿಲ್‌ನ ಮುಚ್ಚಳ ಬಿಚ್ಚಿ ನೋಡಿದರೆ ಒಳಗೆ ಹಾಲು ಹಾಕಿದ ಕಾಫಿಯ ಬಣ್ಣದ ಜಿಡ್ಡು. ಎಂಜಿನ್‌ನ ಒಳಗಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್ ಹೋಗಿ ಆಯಿಲ್‌ಗೆ ಕೂಲೆಂಟ್ ಬೆರೆತಿರುವುದರ ಗುರುತು ಅದು. ಡೀಲರ್‌ಗೆ ಫೋನ್ ಮಾಡಿದರೆ ‘ಗಾಡಿ ಓಡ್ಸಿ ನೋಡೇ ತಗೊಂಡ್ರಲ್ಲ ಸಾರ್, ಸೆಕೆಂಡ್ ಹ್ಯಾಂಡ್‌ಗೆ ಗ್ಯಾರಂಟಿ ಎಲ್ಲಿಂದ ಬರುತ್ತೆ?’ ಎನ್ನುತ್ತಾನೆ.

ಆ ಮಾತು ಅರ್ಧ ಮಾತ್ರ ನಿಜ. 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮಿನ ಪ್ರಕಾರ, ಕೊಳ್ಳುವವನು ಪರೀಕ್ಷೆ ಮಾಡಿ ನೋಡಿದ್ದರೆ, ಆ ಪರೀಕ್ಷೆಯಲ್ಲಿ ಕಣ್ಣಿಗೆ ಬೀಳಬೇಕಿದ್ದ ದೋಷಕ್ಕೆ ಆಮೇಲೆ ತಕರಾರು ಎತ್ತುವಂತಿಲ್ಲ. ಸವೆದ ಟೈರು, ಹರಿದ ಸೀಟು, ಬಂಪರ್ ಮೇಲಿನ ಗೀರು ಈ ಲೆಕ್ಕಕ್ಕೆ ಬರುತ್ತವೆ. ಸೋರಿಕೆಯನ್ನು ತಾತ್ಕಾಲಿಕವಾಗಿ ತಡೆಯುವ ಸ್ಟಾಪ್-ಲೀಕ್ ದ್ರಾವಣ ಸುರಿದು ಮುಚ್ಚಿಟ್ಟ ಗ್ಯಾಸ್ಕೆಟ್, ಹಿಂದಕ್ಕೆ ತಿರುಗಿಸಿದ ಮೀಟರ್, ನೀರಲ್ಲಿ ಮುಳುಗೆದ್ದ ವೈರಿಂಗ್ ಬರುವುದಿಲ್ಲ. ಹತ್ತು ನಿಮಿಷದ ಟೆಸ್ಟ್ ಡ್ರೈವ್‌ನಲ್ಲಿ ಅವು ಯಾರಿಗೂ ಕಾಣುವಂಥವಲ್ಲ.

ಹಾಗಾದರೆ ಎಲ್ಲಿಗೆ ಹೋಗುವುದು? ಒಬ್ಬರು ಠಾಣೆಗೆ ಹೋಗು ಅಂತಾರೆ, ಇನ್ನೊಬ್ಬರು ಕನ್ಸ್ಯೂಮರ್ ಕೋರ್ಟ್ ಅಂತಾರೆ, ಮತ್ತೊಬ್ಬರು ಲಾಯರ್ ನೋಟಿಸ್ ಸಾಕು ಅಂತಾರೆ. ಮೂವರದ್ದೂ ಒಂದೊಂದು ಸಂದರ್ಭಕ್ಕೆ ಸರಿಯಾದ ಮಾತೇ. ಆದರೆ ಸಿಟ್ಟಿನಲ್ಲಿ ಸಿಕ್ಕಿದ ಬಾಗಿಲು ತಟ್ಟಿದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ ಆಗುತ್ತದೆ. ಠಾಣೆಯಲ್ಲಿ ಆರು ತಿಂಗಳು ಕಳೆದು, ಕೊನೆಗೆ ‘ಇದು ಸಿವಿಲ್ ಸ್ವರೂಪದ ವಿವಾದ’ ಎಂಬ ಹಿಂಬರಹ ಹಿಡಿದು ಬಂದವರು ಬಹಳ ಮಂದಿ ಇದ್ದಾರೆ.

ತೂಗುವ ಮೊದಲು ಕೇಳಿಕೊಳ್ಳಬೇಕಾದ್ದು

ಮೊದಲನೆಯ ಪ್ರಶ್ನೆ: ನಿಮಗಾದದ್ದು ಏನು? ಗಾಡಿಯ ದೋಷವೇ, ಮಾತಿನ ಸುಳ್ಳೇ, ಕಾಗದದ ಮೋಸವೇ? ಗೇರ್‌ಬಾಕ್ಸ್ ಹೋಯಿತು ಅನ್ನುವುದು ದೋಷ. 1,10,000 ಕಿಲೋಮೀಟರ್ ಓಡಿದ್ದನ್ನು 52,000 ಎಂದು ತೋರಿಸಿದ್ದು, ಆಕ್ಸಿಡೆಂಟ್ ಆದ ಗಾಡಿಯನ್ನು ಆಗಿಲ್ಲವೆಂದು ಮಾರಿದ್ದು ಸುಳ್ಳು. ಸಾಲ ತೀರಿದೆ ಎಂದು ಬ್ಯಾಂಕ್ ಕೊಡುವ ನಿರಾಕ್ಷೇಪಣಾ ಪತ್ರವೇ (ಎನ್‌ಒಸಿ) ನಕಲಿ, ಚಾಸಿ ನಂಬರ್ ತಿದ್ದಿದ್ದು, ದುಡ್ಡು ಪೂರ್ತಿ ತೆಗೆದುಕೊಂಡು ಆರ್‌ಸಿ ವರ್ಗಾಯಿಸದೆ ತಲೆಮರೆಸಿಕೊಂಡದ್ದು ಕಾಗದದ ಮೋಸ. ಯಾವ ಬಾಗಿಲು ಎನ್ನುವುದರಲ್ಲಿ ಮುಕ್ಕಾಲು ಪಾಲು ಇಲ್ಲೇ ತೀರ್ಮಾನವಾಗುತ್ತದೆ.

ಎರಡನೆಯದು, ಮಾರಿದವರು ಯಾರು? ಡೀಲರ್ ತನ್ನ ಹೆಸರಿನ ಜಿಎಸ್‌ಟಿ ಬಿಲ್ ಕೊಟ್ಟಿದ್ದರೆ ಮಾತು ಸುಲಭ. ಬಹಳ ಕಡೆ ಹಾಗಾಗುವುದಿಲ್ಲ. ಹಳೆ ಮಾಲೀಕರಿಂದ ಸಹಿ ಹಾಕಿಸಿಟ್ಟುಕೊಂಡ, ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ರಲ್ಲಿ ನೇರವಾಗಿ ನಿಮ್ಮ ಹೆಸರು ತುಂಬಿ ‘ನಾನು ಬರೀ ಬ್ರೋಕರ್’ ಎನ್ನುತ್ತಾರೆ. ಆಗ ದುಡ್ಡು ಯಾರ ಖಾತೆಗೆ ಹೋಯಿತು, ಟೋಕನ್ ಅಡ್ವಾನ್ಸ್ ರಸೀದಿ ಯಾರ ಲೆಟರ್‌ಹೆಡ್‌ನಲ್ಲಿದೆ, ಜಾಹೀರಾತು ಹಾಕಿದ್ದು ಯಾರು, ಡೆಲಿವರಿ ನೋಟ್‌ಗೆ ಸೀಲ್ ಯಾರದ್ದು ಎನ್ನುವುದೇ ಸಾಕ್ಷಿ. ಇನ್ನು ಡೀಲರ್ ಇಲ್ಲದೆ ಒಬ್ಬ ಖಾಸಗಿ ಮಾಲೀಕನಿಂದ ನೇರವಾಗಿ ಕೊಂಡಿದ್ದರೆ ಗ್ರಾಹಕರ ಕಾಯ್ದೆ ನಿಮ್ಮ ನೆರವಿಗೆ ಬರುವುದು ಕಷ್ಟ, ಏಕೆಂದರೆ ಆತ ವ್ಯಾಪಾರಿಯಲ್ಲ.

ಮೂರನೆಯದು, ನಿಮಗೆ ಬೇಕಾದ್ದೇನು: ರಿಪೇರಿಯೋ, ಗಾಡಿ ಕೊಟ್ಟು ಪೂರ್ತಿ ಹಣವೋ, ಬರೀ ಆರ್‌ಸಿಯೋ? ನಾಲ್ಕನೆಯದು, ದಿನ. ಗ್ರಾಹಕರ ಆಯೋಗಕ್ಕೆ 2 ವರ್ಷ, ಸಿವಿಲ್ ದಾವೆಗೆ 3 ವರ್ಷ ಗಡುವು. ಇವೆರಡಕ್ಕಿಂತ ಮುಖ್ಯವಾದದ್ದು ಮೊದಲ 30 ದಿನ, ಅದರ ಕಾರಣ ಮುಂದೆ ಇದೆ. ಕೊನೆಯದಾಗಿ, ಡೀಲರ್ ಅಂಗಡಿ ನಾಳೆಯೂ ಅಲ್ಲೇ ಇರುತ್ತದೆಯೇ? ಖಾಲಿ ಸೈಟಿನಲ್ಲಿ ಶೀಟ್ ಹಾಕಿಕೊಂಡು ಹತ್ತು ಗಾಡಿ ನಿಲ್ಲಿಸಿದವನ ಮೇಲೆ ಆದೇಶ ತಂದರೂ ವಸೂಲಿ ಮಾಡುವುದು ಬೇರೆಯದೇ ಯುದ್ಧ.

ಮೊದಲ ವಾರ: ಗಾಡಿಗೆ ಸ್ಪ್ಯಾನರ್ ಹಾಕಿಸಬೇಡಿ

ಯಾವ ದಾರಿ ಹಿಡಿದರೂ ಈ ಕೆಲಸ ಎಲ್ಲದಕ್ಕೂ ಬೇಕು. ಕೇಸು ಹೆಚ್ಚಾಗಿ ಕೆಡುವುದೂ ಇಲ್ಲೇ. ಗಾಬರಿಯಲ್ಲಿ ಪರಿಚಯದ ಗ್ಯಾರೇಜಿನಲ್ಲಿ ಎಂಜಿನ್ ಬಿಚ್ಚಿಸುತ್ತಾರೆ, ಹಳೆಯ ಗ್ಯಾಸ್ಕೆಟ್ ಗುಜರಿಗೆ ಹೋಗುತ್ತದೆ, ಮುಂದೆ ಆಯೋಗದಲ್ಲಿ ಡೀಲರ್‌ನ ವಕೀಲರು ‘ಹಾಳು ಮಾಡಿದ್ದೇ ನಿಮ್ಮ ಮೆಕ್ಯಾನಿಕ್’ ಎಂದರೆ ಉತ್ತರವಿರುವುದಿಲ್ಲ.

ಗಾಡಿಯನ್ನು ನಿಲ್ಲಿಸಿ. ಮೀಟರ್ ಓದಿಕೆಯ ಫೋಟೊ, ಇಗ್ನಿಷನ್ ಆನ್ ಮಾಡಿದಾಗ ಡ್ಯಾಶ್‌ಬೋರ್ಡ್ ದೀಪಗಳ ವಿಡಿಯೊ ತೆಗೆದಿಡಿ. ಏರ್‌ಬ್ಯಾಗ್ ದೀಪ ಕೀಲಿ ತಿರುಗಿಸಿದ ಕೂಡಲೇ ಹೊತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹೊತ್ತಿಕೊಳ್ಳುವುದೇ ಇಲ್ಲವಾದರೆ ದೀಪದ ಸಂಪರ್ಕವನ್ನೇ ಕಿತ್ತಿರುವ ಅನುಮಾನ ಪಡಬಹುದು. ಪ್ರವಾಹದ ಗಾಡಿ ಅನಿಸಿದರೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ಸುರುಳಿಯ ಒಳಗಿನ, ತೊಳೆಯಲು ಕೈಗೆಟುಕದ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಸ್ಟೆಪ್ನಿ ಇಡುವ ಗುಂಡಿ, ಕಾರ್ಪೆಟ್ ಅಡಿಯ ಸೀಟು ಬೋಲ್ಟುಗಳ ತುಕ್ಕು, ಫ್ಯೂಸ್ ಬಾಕ್ಸ್‌ನ ಹಸಿರು ಕಿಲುಬು ಇವನ್ನೂ ಫೋಟೊ ತೆಗೆಯಿರಿ.

ಆಮೇಲೆ ಅದೇ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್‌ಗೆ ಹೋಗಿ ಸರ್ವಿಸ್ ಹಿಸ್ಟರಿ ಕೇಳಿ. ಯಾವ ದಿನ ಎಷ್ಟು ಕಿಲೋಮೀಟರ್ ಆಗಿತ್ತು ಎನ್ನುವುದು ಅಲ್ಲಿ ದಾಖಲಾಗಿರುತ್ತದೆ. ಮೂರು ವರ್ಷದ ಹಿಂದೆಯೇ 88,000 ಎಂದಿರುವ ಜಾಬ್ ಕಾರ್ಡ್‌ನ ಪಕ್ಕದಲ್ಲಿ ಇವತ್ತಿನ 52,000ದ ಫೋಟೊ ಇಟ್ಟರೆ ಬೇರೆ ವಾದವೇ ಬೇಕಾಗುವುದಿಲ್ಲ. ಹಲವು ಗಾಡಿಗಳಲ್ಲಿ ಎಂಜಿನ್ ಅಥವಾ ಎಬಿಎಸ್ ಕಂಟ್ರೋಲ್ ಯೂನಿಟ್ ಒಳಗೂ ಕಿಲೋಮೀಟರ್ ಉಳಿದಿರುತ್ತದೆ, ಸ್ಕ್ಯಾನರ್ ಹಾಕಿಸಿ ಪ್ರಿಂಟ್ ತೆಗೆಸಿ. ದೋಷದ ಬಗ್ಗೆ ಲಿಖಿತ ವರದಿ ಕೇಳುವಾಗ ‘ಎಂಜಿನ್ ಸರಿಯಿಲ್ಲ’ ಎಂದು ಬರೆಸಿಕೊಂಡು ಬರಬೇಡಿ. ಏನು ಕೆಟ್ಟಿದೆ, ಎಷ್ಟು ಕಾಲದಿಂದ ಇದ್ದಿರಬಹುದು, ಸಾಮಾನ್ಯ ಟೆಸ್ಟ್ ಡ್ರೈವ್‌ನಲ್ಲಿ ಗೊತ್ತಾಗುತ್ತಿತ್ತೇ, ರಿಪೇರಿಗೆ ಎಷ್ಟು ಎಂಬ ನಾಲ್ಕು ಸಾಲು ಅದರಲ್ಲಿರಬೇಕು.

ಜಾಹೀರಾತಿನ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ, ನಾಳೆ ಅದು ಅಳಿಸಿಹೋಗಿರುತ್ತದೆ. ವಾಟ್ಸ್‌ಆ್ಯಪ್ ಸಂಭಾಷಣೆಯನ್ನು ಎಕ್ಸ್‌ಪೋರ್ಟ್ ಮಾಡಿ ನಿಮ್ಮ ಮೇಲ್‌ಗೆ ಕಳಿಸಿಕೊಳ್ಳಿ, ಮೂಲ ಫೋನ್ ಬದಲಿಸಬೇಡಿ. ಡೀಲರ್ ‘ಆಕ್ಸಿಡೆಂಟ್ ಆಗಿಲ್ಲ’ ಎಂದು ಬಾಯಿಬಿಟ್ಟು ಹೇಳಿದ್ದಕ್ಕೂ ಆ ಬಗ್ಗೆ ಸುಮ್ಮನಿದ್ದದ್ದಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ. ಬರೀ ಮೌನವಾಗಿದ್ದರೆ, ಸಾಮಾನ್ಯ ಎಚ್ಚರಿಕೆಯಿಂದ ನೀವೇ ಸತ್ಯ ಕಂಡುಕೊಳ್ಳಬಹುದಿತ್ತು ಎಂದು 1872ರ ಕರಾರು ಕಾಯ್ದೆಯ 19ನೇ ಕಲಮಿನಡಿ ವಾದಿಸಲು ಅವರಿಗೆ ಜಾಗ ಸಿಗುತ್ತದೆ. ‘ನಾನ್-ಆಕ್ಸಿಡೆಂಟಲ್, ಒರಿಜಿನಲ್ ಕಿಲೋಮೀಟರ್’ ಎಂದು ಟೈಪ್ ಮಾಡಿದ ಒಂದು ಮೆಸೇಜ್ ಇದ್ದರೆ ಆ ಜಾಗ ಮುಚ್ಚಿಹೋಗುತ್ತದೆ.

ಇನ್ನೊಂದು ಮಾತು. ಸಾಲದ ಕಂತು ನಿಲ್ಲಿಸಬೇಡಿ. ಬ್ಯಾಂಕಿನ ಜೊತೆಗಿನ ಕರಾರು ಬೇರೆ, ಡೀಲರ್ ಮೇಲಿನ ಸಿಟ್ಟಿಗೆ ಕಂತು ತಪ್ಪಿಸಿದರೆ ನಿಮ್ಮ ಸಿಬಿಲ್ ಸ್ಕೋರ್ ಬೀಳುತ್ತದೆ, ಗಾಡಿಯೂ ಹೋಗಬಹುದು.

ಡೀಲರ್ ಜೊತೆಗೇ ಮುಗಿಸುವುದು

ದೊಡ್ಡ ಸಂಸ್ಥೆಗಳಲ್ಲಿ ಇಷ್ಟು ದಿನದೊಳಗೆ ಗಾಡಿ ವಾಪಸ್ ಮಾಡಬಹುದು ಎಂಬ ನಿಯಮವೋ, ಎಂಜಿನ್–ಗೇರ್‌ಬಾಕ್ಸ್ ವಾರಂಟಿಯೋ ಇರುತ್ತದೆ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಬ್ಯಾಟರಿ, ಟೈರು ಸಾಮಾನ್ಯವಾಗಿ ಅದರ ಹೊರಗೆ. ಗರಿಷ್ಠ ಇಷ್ಟು ರೂಪಾಯಿ ಎಂಬ ಮಿತಿ, ಅವರು ಹೇಳಿದ ವರ್ಕ್‌ಶಾಪ್‌ನಲ್ಲೇ ಮಾಡಿಸಬೇಕೆಂಬ ಷರತ್ತು ಇರುತ್ತವೆ. ವಾಪಸಾತಿಯ ಅವಧಿ ಇನ್ನೂ ಇದ್ದರೆ ಬೇರೆ ಯೋಚನೆ ಬೇಡ, ಇದೇ ಮೊದಲ ದಾರಿ. ಫೋನಿನಲ್ಲಿ ಹೇಳಿ ಸುಮ್ಮನಾಗಬೇಡಿ, ಮೇಲ್ ಮಾಡಿ ದೂರಿನ ಸಂಖ್ಯೆ ಪಡೆಯಿರಿ. ‘ನೋಡೋಣ ಸಾರ್’ ಎನ್ನುತ್ತಲೇ ಆ ಅವಧಿ ಕಳೆದುಬಿಡುತ್ತಾರೆ.

ವಾಪಸಾತಿ ನಿಯಮವೇ ಇಲ್ಲದ ಡೀಲರ್ ಆದರೆ 30 ದಿನದೊಳಗೆ ‘ಗಾಡಿಯಲ್ಲಿ ಇಂಥ ದೋಷವಿದೆ, ವಾಪಸ್ ತೆಗೆದುಕೊಂಡು ಹಣ ಕೊಡಿ’ ಎಂದು ಲಿಖಿತವಾಗಿ ಕೇಳಿ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ 2(47)ನೇ ಕಲಮಿನಲ್ಲಿ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಿದೆ. ದೋಷವಿರುವ ಸರಕನ್ನು ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ಪಡೆದು ಹಣ ಹಿಂದಿರುಗಿಸಲು ನಿರಾಕರಿಸುವುದೂ ಅದರಲ್ಲಿ ಒಂದು. ಬಿಲ್ ಕೊಡದೇ ಇರುವುದೂ ಅದೇ ಪಟ್ಟಿಯಲ್ಲಿದೆ. ಹಾಗಾಗಿ ಆ ಪತ್ರಕ್ಕೆ ಡೀಲರ್ ಒಪ್ಪದಿದ್ದರೂ ಅದು ವ್ಯರ್ಥವಲ್ಲ. ಅವನ ನಿರಾಕರಣೆಯೇ ಇನ್ನೊಂದು ಆರೋಪವಾಗುತ್ತದೆ. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ತಲುಪಿದ ಟ್ರ್ಯಾಕಿಂಗ್ ಪುಟದ ಪ್ರಿಂಟ್ ತೆಗೆದಿಡಿ. ಅದೇ ಪತ್ರವನ್ನು ಮೇಲ್, ವಾಟ್ಸ್‌ಆ್ಯಪ್‌ಗೂ ಹಾಕಿ.

ಈ ದಾರಿಯಲ್ಲಿ ಎಡವುವುದು ಸಹಿಯ ಬಳಿ. ಅರ್ಧ ರಿಪೇರಿ ಮಾಡಿಕೊಟ್ಟು ‘ನನ್ನ ಎಲ್ಲ ತಕರಾರು ಇತ್ಯರ್ಥವಾಗಿದೆ’ ಎಂಬ ಕಾಗದಕ್ಕೆ ಸಹಿ ಕೇಳುತ್ತಾರೆ. ಗಾಡಿ ಓಡಿಸಿ ನೋಡದೆ ಸಹಿ ಹಾಕಬೇಡಿ. ಹಾಕಲೇಬೇಕಾದರೆ ಪಕ್ಕದಲ್ಲಿ ‘ನನ್ನ ಹಕ್ಕುಗಳನ್ನು ಕಾಯ್ದಿರಿಸಿ, ಗಾಡಿ ಪಡೆದಿದ್ದೇನೆ’ ಎಂದು ಬರೆಯಿರಿ.

1915 ಸಹಾಯವಾಣಿ

ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಖರ್ಚಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮ ದೂರನ್ನು ಅವರು ಕಂಪನಿಗೆ ಕಳಿಸಿ ಉತ್ತರ ಕೇಳುತ್ತಾರೆ. ಹೆಸರು ಕೆಡುವ ಭಯವಿರುವ ದೊಡ್ಡ ಸಂಸ್ಥೆಯಾದರೆ ಇಷ್ಟಕ್ಕೇ ದಾರಿಗೆ ಬರುವುದುಂಟು. ಓಣಿಯ ಡೀಲರ್ ಆದರೆ ಉತ್ತರವೇ ಬರದಿರಬಹುದು. ಸಹಾಯವಾಣಿಗೆ ಆದೇಶ ಹೊರಡಿಸುವ ಅಧಿಕಾರವಿಲ್ಲ, ಅಲ್ಲಿ ದೂರು ಕೊಟ್ಟ ಮಾತ್ರಕ್ಕೆ 2 ವರ್ಷದ ಗಡುವು ಮುಂದಕ್ಕೆ ಹೋಗುವುದೂ ಇಲ್ಲ. ಒಂದು ತಿಂಗಳು ಕಾಯಿರಿ, ಅದಕ್ಕಿಂತ ಹೆಚ್ಚು ಬೇಡ.

ಜಿಲ್ಲಾ ಗ್ರಾಹಕರ ಆಯೋಗ

ಡೀಲರ್‌ನಿಂದ ಸ್ವಂತ ಬಳಕೆಗೆ ಗಾಡಿ ಕೊಂಡ ಹೆಚ್ಚಿನವರಿಗೆ ಸರಿಹೊಂದುವುದು ಇದೇ. ಗಾಡಿಗೆ ನೀವು ಕೊಟ್ಟ ಹಣ 50 ಲಕ್ಷ ರೂಪಾಯಿ ಒಳಗಿದ್ದರೆ ಜಿಲ್ಲಾ ಆಯೋಗ, 50 ಲಕ್ಷದಿಂದ 2 ಕೋಟಿವರೆಗೆ ರಾಜ್ಯ ಆಯೋಗ. ನೀವು ಕೇಳುವ ಪರಿಹಾರ ಎಷ್ಟೆಂಬುದು ಲೆಕ್ಕಕ್ಕಿಲ್ಲ, ಕೊಟ್ಟ ಬೆಲೆ ಮಾತ್ರ. ಶುಲ್ಕವೂ ಅದರ ಮೇಲೆಯೇ: 5 ಲಕ್ಷದವರೆಗೆ ಏನೂ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000.

ಇನ್ನೊಂದು ದೊಡ್ಡ ಅನುಕೂಲ ಊರಿನದ್ದು. ಗ್ರಾಹಕರ ಕಾಯ್ದೆಯ 34ನೇ ಕಲಮಿನ ಪ್ರಕಾರ ನೀವು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಬೆಂಗಳೂರಿನಲ್ಲಿ ಕೊಂಡ ಗಾಡಿಗೆ ಶಿವಮೊಗ್ಗದವರು ಶಿವಮೊಗ್ಗದಲ್ಲೇ, ಮುಂಬೈಯಲ್ಲಿ ನೆಲೆಸಿದ ಕನ್ನಡಿಗರು ಅಲ್ಲೇ ದಾಖಲಿಸಬಹುದು. ‘ಎಲ್ಲ ವ್ಯಾಜ್ಯವೂ ಗುರುಗ್ರಾಮದ ನ್ಯಾಯಾಲಯಕ್ಕೆ ಒಳಪಟ್ಟಿದೆ’, ‘ಮಧ್ಯಸ್ಥಿಕೆದಾರರ ಮುಂದೆಯೇ ಹೋಗಬೇಕು’ ಎಂದು ಅಗ್ರಿಮೆಂಟ್‌ನ ಸಣ್ಣಕ್ಷರದಲ್ಲಿ ಬರೆದಿದ್ದಕ್ಕೆ ಹೆದರಬೇಡಿ. ಆರ್ಬಿಟ್ರೇಷನ್ ಷರತ್ತು ಇದ್ದರೂ ಗ್ರಾಹಕ ಆಯೋಗಕ್ಕೆ ಹೋಗಬಹುದು ಎಂಬುದು ಎಮ್ಮಾರ್ ಎಂಜಿಎಫ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮಾತು.

ದೂರು ಬರೆಯುವಾಗ ಮೂರು ಕಡೆ ಜಾಗ್ರತೆ ಬೇಕು. ಒಂದು, ಎದುರುದಾರನ ಹೆಸರು. ಅಂಗಡಿಯ ಬೋರ್ಡಿನ ಹೆಸರು ಕಾನೂನಿನ ಹೆಸರಲ್ಲ. ಬಿಲ್‌ನಲ್ಲಿರುವ ಜಿಎಸ್‌ಟಿ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿದರೆ ಮಾಲೀಕನ ಅಥವಾ ಕಂಪನಿಯ ನಿಜವಾದ ಹೆಸರು, ವಿಳಾಸ ಸಿಗುತ್ತದೆ. ಆರ್‌ಸಿ ಇನ್ನೂ ಹಳೆ ಮಾಲೀಕರ ಹೆಸರಲ್ಲಿದ್ದರೆ ಅವರನ್ನೂ, ವಾರಂಟಿ ಬೇರೆ ಕಂಪನಿಯದ್ದಾದರೆ ಅದನ್ನೂ ಸೇರಿಸಿ. ಎರಡು, ಆರೋಪದ ರೂಪ. ‘ಇದ್ದುದನ್ನು ಇದ್ದಂತೆ ಕೊಂಡಿದ್ದೇನೆ’ ಎಂಬ ಷರತ್ತು ಅನ್ಯಾಯದ್ದೆಂದು ಅನಿಸಿದರೂ ‘ಅನುಚಿತ ಕರಾರು’ ಎಂಬ ತಲೆಬರಹ ಕೊಡಬೇಡಿ. ಅದನ್ನು ವಿಚಾರಿಸುವ ಅಧಿಕಾರ ರಾಜ್ಯ ಆಯೋಗಕ್ಕೂ ರಾಷ್ಟ್ರೀಯ ಆಯೋಗಕ್ಕೂ ಇದೆ, ಜಿಲ್ಲಾ ಆಯೋಗಕ್ಕಿಲ್ಲ. ‘ಸುಳ್ಳು ಹೇಳಿ ಮಾರಿದ ಅನುಚಿತ ವ್ಯಾಪಾರ ಪದ್ಧತಿ’ ಮತ್ತು ‘ಸರಕಿನ ದೋಷ’ ಎಂದು ಬರೆಯಿರಿ. ಅಂಥ ಷರತ್ತು ಕಾನೂನು ತಾನಾಗಿ ಕೊಡುವ ಕೆಲವು ಭರವಸೆಗಳನ್ನು ತೆಗೆದುಹಾಕಬಲ್ಲದು, ಆದರೆ ಹೇಳಿದ ಸುಳ್ಳಿಗೆ ರಕ್ಷಣೆ ಕೊಡಲಾರದು. ಮೂರು, ಬೇಡಿಕೆ. ‘ಗಾಡಿ ವಾಪಸ್ ಪಡೆದು ಪೂರ್ತಿ ಬೆಲೆ ಬಡ್ಡಿ ಸಹಿತ, ಅದಾಗದಿದ್ದರೆ ರಿಪೇರಿ ವೆಚ್ಚ ಮತ್ತು ಬೆಲೆಯ ವ್ಯತ್ಯಾಸ’ ಎಂದು ಪರ್ಯಾಯವನ್ನೂ ಸೇರಿಸಿ ಕೇಳಿ. ಇನ್ಶೂರೆನ್ಸ್, ಆರ್‌ಸಿ ವರ್ಗಾವಣೆ, ಟೋಯಿಂಗ್ ಖರ್ಚನ್ನು ರಸೀದಿ ಸಮೇತ ಪ್ರತ್ಯೇಕ ಸಾಲಿನಲ್ಲಿ ಹಾಕಿ.

ಇ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ದಾಖಲಿಸಬಹುದು. ದೂರು, ಪ್ರಮಾಣಪತ್ರ, ದಿನಾಂಕವಾರು ಘಟನೆಗಳ ಪಟ್ಟಿ, ಪುಟಸಂಖ್ಯೆ ಹಾಕಿದ ದಾಖಲೆಗಳು ಬೇಕು. ವಕೀಲರು ಕಡ್ಡಾಯವಲ್ಲ, ನೀವೇ ವಾದಿಸಬಹುದು. ನೋಟಿಸ್ ತಲುಪಿದ ಮೇಲೆ ಡೀಲರ್ 30 ದಿನದಲ್ಲಿ ಉತ್ತರ ಸಲ್ಲಿಸಬೇಕು, ಆಯೋಗ ಇನ್ನು 15 ದಿನ ಕೊಡಬಹುದು. 45ರ ಮೇಲೆ ಒಂದು ದಿನವೂ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಈ ದಿನಗಳನ್ನು ನೀವೇ ಎಣಿಸಿ ಇಟ್ಟುಕೊಳ್ಳಿ.

ಇದರ ದೌರ್ಬಲ್ಯ ಸಮಯ. ಪರೀಕ್ಷೆ ಬೇಡದ ದೂರು 3 ತಿಂಗಳಲ್ಲಿ, ಪರೀಕ್ಷೆ ಬೇಕಾದದ್ದು 5 ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ. ನಡೆಯುವುದು ಅದಕ್ಕಿಂತ ನಿಧಾನ, ವರ್ಷ ದಾಟಿದರೆ ಆಶ್ಚರ್ಯವಿಲ್ಲ. ಅಷ್ಟು ದಿನ ಗಾಡಿ ಏನು ಮಾಡುವುದು? ಓಡಿಸುತ್ತಲೇ ಇದ್ದು 15,000 ಕಿಲೋಮೀಟರ್ ಸೇರಿಸಿದರೆ ಪೂರ್ತಿ ಹಣ ಕೇಳುವ ನೈತಿಕ ಬಲವೂ ಕಾನೂನಿನ ಬಲವೂ ಕುಗ್ಗುತ್ತದೆ. ಓಡಿಸಲೇಬೇಕಾದ ಅನಿವಾರ್ಯವಿದ್ದರೆ ಮೊದಲು ಪರಿಣತರ ಪರೀಕ್ಷೆಗೆ ಅರ್ಜಿ ಹಾಕಿ, ವರದಿ ದಾಖಲಾದ ಮೇಲೆ ಡೀಲರ್‌ಗೆ ತಿಳಿಸಿ ರಿಪೇರಿ ಮಾಡಿಸಿ, ಕಿತ್ತ ಭಾಗಗಳನ್ನು ಚೀಲಕ್ಕೆ ಹಾಕಿ ಇಟ್ಟುಕೊಳ್ಳಿ.

ಪೊಲೀಸ್ ಠಾಣೆ

ಕಾಗದದ ಮೋಸಕ್ಕೆ ಠಾಣೆಯೇ ಸರಿ, ಅದೂ ತಡಮಾಡದೆ. ಚಾಸಿ ನಂಬರ್ ತಿದ್ದಿದ್ದು, ನಕಲಿ ಎನ್‌ಒಸಿ, ಒಂದೇ ಗಾಡಿಯನ್ನು ಇಬ್ಬರಿಗೆ ಮಾರಿದ್ದು, ಕದ್ದ ಗಾಡಿ ಮಾರಿದ್ದು: ಇವು ಅಪರಾಧಗಳು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318(4)ನೇ ಕಲಮಿನಡಿ ವಂಚಿಸಿ ಹಣ ಪಡೆದದ್ದಕ್ಕೆ 7 ವರ್ಷದವರೆಗೆ ಶಿಕ್ಷೆಯಿದೆ. ಮೊದಲು 420 ಎಂದು ಕರೆಯುತ್ತಿದ್ದದ್ದು ಇದೇ. ಅದಕ್ಕೂ ಮುಂಚಿನ ವ್ಯವಹಾರವಾದರೆ ಹಳೆಯ ಐಪಿಸಿಯೇ ಅನ್ವಯ.

ಮೀಟರ್ ತಿರುಗಿಸಿದ್ದು ವಂಚನೆಯಲ್ಲವೇ? ವಂಚನೆಯೇ. ಆದರೆ ಡೀಲರ್ ‘ನನ್ನ ಕೈಗೆ ಬಂದಾಗಲೇ ಹಾಗಿತ್ತು’ ಎನ್ನುತ್ತಾನೆ. ಕ್ರಿಮಿನಲ್ ಕೇಸಿನಲ್ಲಿ ಅವನಿಗೆ ಗೊತ್ತಿತ್ತು, ಮೊದಲಿನಿಂದಲೂ ಮೋಸದ ಉದ್ದೇಶವಿತ್ತು ಎಂದು ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಬೇಕು. ಗ್ರಾಹಕರ ಆಯೋಗದಲ್ಲಿ ಅಷ್ಟು ಬೇಡ, ಹೇಳಿದ್ದು ಸುಳ್ಳು, ಅದನ್ನು ನಂಬಿ ಕೊಂಡಿರಿ ಎಂದು ತೋರಿಸಿದರೆ ಬಹುಪಾಲು ಕೆಲಸ ಆದಂತೆ. ಕಂಪನಿಯ ಸರ್ವಿಸ್ ಪುಸ್ತಕದ ಪುಟಗಳನ್ನೇ ಬದಲಿಸಿದ್ದರೆ ಅಥವಾ ಅದೇ ಡೀಲರ್‌ನಿಂದ ಇನ್ನೂ ನಾಲ್ಕು ಜನರಿಗೆ ಹೀಗೇ ಆಗಿದ್ದರೆ ಠಾಣೆಯ ದಾರಿ ಗಟ್ಟಿಯಾಗುತ್ತದೆ.

ದೂರು ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ, ಬೆಂಗಳೂರಿನಲ್ಲಿ ಆ ವಿಭಾಗದ ಡಿಸಿಪಿಗೆ, ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಪ್ರಮಾಣಪತ್ರದೊಡನೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು. 3 ವರ್ಷ ಅಥವಾ ಅದಕ್ಕೂ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಗಳಲ್ಲಿ ಎಫ್‌ಐಆರ್‌ಗೆ ಮುನ್ನ 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಅವಕಾಶ ಕೊಟ್ಟಿದೆ, ಅಂಥ ಕಲಮಿನಡಿಯ ದೂರಾದರೆ ಕೊಟ್ಟ ದಿನವೇ ಎಫ್‌ಐಆರ್ ಆಗದಿದ್ದರೆ ಧೃತಿಗೆಡಬೇಡಿ. 7 ವರ್ಷದವರೆಗೆ ಶಿಕ್ಷೆಯಿರುವ 318(4) ಮಾತ್ರ ಇದರೊಳಗೆ ಬರುವುದಿಲ್ಲ.

ತಿಳಿದಿರಬೇಕಾದ ನಷ್ಟ ಎರಡು. ಗಾಡಿಯೇ ಜಪ್ತಿಯಾಗಿ ಠಾಣೆಯ ಅಂಗಳದಲ್ಲಿ ಬಿಸಿಲು ಮಳೆಯಲ್ಲಿ ನಿಲ್ಲಬಹುದು, ಬಿಡಿಸಿಕೊಳ್ಳಲು ಕೋರ್ಟಿಗೆ ಪ್ರತ್ಯೇಕ ಅರ್ಜಿ ಹಾಕಬೇಕು. ಮತ್ತೆ, ಶಿಕ್ಷೆಯಾದರೂ ನಿಮ್ಮ ಹಣ ತಾನಾಗಿ ವಾಪಸ್ ಬರುವುದಿಲ್ಲ. ಬಂಧನದ ಭಯಕ್ಕೆ ಡೀಲರ್ ರಾಜಿಗೆ ಬಂದರೆ ಬರಬಹುದು. ವಂಚನೆಯ ಪ್ರಕರಣವನ್ನು ಕೋರ್ಟಿನ ಅನುಮತಿಯೊಡನೆ ರಾಜಿ ಮಾಡಿಕೊಳ್ಳಲು ಕಾನೂನಿನಲ್ಲೇ ದಾರಿಯಿದೆ. ಠಾಣೆ ಮತ್ತು ಗ್ರಾಹಕರ ಆಯೋಗ ಎರಡನ್ನೂ ಒಟ್ಟಿಗೆ ನಡೆಸಲು ಅಡ್ಡಿಯಿಲ್ಲ.

ಸಿವಿಲ್ ದಾವೆ, ಲೋಕ ಅದಾಲತ್, ಆರ್‌ಟಿಒ

ಸಿವಿಲ್ ಕೋರ್ಟ್ ಬೇಕಾಗುವುದು ನೀವು ಕಾನೂನಿನ ಕಣ್ಣಿನಲ್ಲಿ ‘ಗ್ರಾಹಕ’ ಅಲ್ಲದಾಗ: ಖಾಸಗಿ ವ್ಯಕ್ತಿಯಿಂದ ಕೊಂಡಿದ್ದರೆ, ಮರುಮಾರಾಟಕ್ಕೆ ಕೊಂಡಿದ್ದರೆ, ಹತ್ತು ಟ್ಯಾಕ್ಸಿ ಓಡಿಸುವ ಸಂಸ್ಥೆಗೆಂದು ಕೊಂಡಿದ್ದರೆ. ಹೊಟ್ಟೆಪಾಡಿಗೆ ಒಂದೇ ಟ್ಯಾಕ್ಸಿ ಕೊಂಡು ತಾನೇ ಓಡಿಸುವವರು ಗ್ರಾಹಕರೇ, ಸ್ವಯಂ ಉದ್ಯೋಗದವರಿಗೆ ಕಾಯ್ದೆಯಲ್ಲೇ ವಿನಾಯಿತಿಯಿದೆ. ಯೆಲ್ಲೋ ಬೋರ್ಡ್ ಎಂಬ ಒಂದೇ ಕಾರಣಕ್ಕೆ ಹಿಂದೆ ಸರಿಯಬೇಡಿ, ದೂರಿನ ಮೊದಲ ಪುಟದಲ್ಲೇ ‘ಜೀವನೋಪಾಯಕ್ಕಾಗಿ, ಸ್ವತಃ ಓಡಿಸಲು’ ಎಂದು ಬರೆಯಿರಿ. ಸಿವಿಲ್ ದಾವೆಯ ಮುಖ್ಯ ಹೊರೆ ಕೋರ್ಟ್ ಶುಲ್ಕ. ಕರ್ನಾಟಕದಲ್ಲಿ ಅದು ದಾವೆಯ ಮೊತ್ತದ ಮೇಲೆ ಏರುತ್ತದೆ, 5 ಲಕ್ಷದ ದಾವೆಗೆ 30,000 ರೂಪಾಯಿ ದಾಟುತ್ತದೆ. ಆಯೋಗದಲ್ಲಿ ಅದೇ 5 ಲಕ್ಷದ ಗಾಡಿಗೆ ಶುಲ್ಕವೇ ಇಲ್ಲ.

ರಾಜಿಗೆ ಡೀಲರ್ ಅರೆಮನಸ್ಸಿನಲ್ಲಿದ್ದಾನೆ, ಮೊತ್ತದ ಬಗ್ಗೆ ಮಾತ್ರ ಜಗ್ಗಾಟ ಎಂದಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ವ್ಯಾಜ್ಯಪೂರ್ವ ಅರ್ಜಿ ಕೊಡಬಹುದು. ಕೋರ್ಟ್ ಶುಲ್ಕವಿಲ್ಲ. ಲೋಕ ಅದಾಲತ್‌ನಲ್ಲಿ ಆದ ರಾಜಿ ಸಿವಿಲ್ ಕೋರ್ಟಿನ ತೀರ್ಪಿಗೆ (ಡಿಕ್ರಿಗೆ) ಸಮ, ಅದರ ಮೇಲೆ ಅಪೀಲಿಲ್ಲ. ಇಬ್ಬರೂ ಒಪ್ಪದಿದ್ದರೆ ಅಲ್ಲಿ ಏನೂ ನಡೆಯುವುದಿಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರ ನೆರವೂ ಇಲ್ಲೇ ಸಿಗುತ್ತದೆ. ಕಾನೂನು ನೆರವಿನ ಸಹಾಯವಾಣಿ 15100.

ಆರ್‌ಟಿಒ ಹಣ ಕೊಡಿಸುವ ಜಾಗವಲ್ಲ. ಆದರೆ 2023ರ ಏಪ್ರಿಲ್ 1ರಿಂದ ಜಾರಿಯಾದ ನಿಯಮಗಳ ಪ್ರಕಾರ ಹಳೆ ವಾಹನದ ಡೀಲರ್ ನೋಂದಣಿ ಪ್ರಾಧಿಕಾರದಿಂದ ಅಧಿಕಾರ ಪತ್ರ ಪಡೆದಿರಬೇಕು. ಹಳೆ ಮಾಲೀಕರು ನಮೂನೆ 29ಸಿ ಮೂಲಕ ಗಾಡಿ ಒಪ್ಪಿಸಿದ ಮೇಲೆ ಆ ಡೀಲರ್‌ನನ್ನೇ ಮಾಲೀಕನೆಂದು ಪರಿಗಣಿಸಲಾಗುತ್ತದೆ. ‘ನಾನು ಬರೀ ಬ್ರೋಕರ್’ ಎಂಬ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. 29ಸಿ ಸಲ್ಲಿಕೆಯಾಗಿದೆಯೇ, ಅಧಿಕಾರ ಪತ್ರವಿದೆಯೇ ಎಂದು ಮಾಹಿತಿ ಹಕ್ಕಿನಡಿ ಕೇಳಿ, ಬಂದ ಉತ್ತರವನ್ನು ದೂರಿಗೆ ಲಗತ್ತಿಸಿ.

ಯಾರಿಗೆ ಯಾವುದು

ಎರಡು ಲಕ್ಷದ ಗಾಡಿ, ಮೂವತ್ತು ಸಾವಿರದ ರಿಪೇರಿ: ಪತ್ರ, 1915, ಆಮೇಲೆ ಲೋಕ ಅದಾಲತ್. ಬಗ್ಗದಿದ್ದರೆ ವಕೀಲರಿಲ್ಲದೆ ನೀವೇ ಆಯೋಗಕ್ಕೆ ಹೋಗಿ. ಇಲ್ಲಿ ವಕೀಲರ ಶುಲ್ಕ ರಿಪೇರಿಯ ಮೊತ್ತವನ್ನೇ ನುಂಗಬಹುದು.

ಆರೇಳು ಲಕ್ಷದ ಗಾಡಿ, ಮೀಟರ್ ಅಥವಾ ಆಕ್ಸಿಡೆಂಟ್ ಸುಳ್ಳು, ಕೈಯಲ್ಲಿ ಸರ್ವಿಸ್ ಹಿಸ್ಟರಿ ಇದೆ: 30 ದಿನದೊಳಗೆ ವಾಪಸಾತಿ ಪತ್ರ ಕೊಟ್ಟು ನೇರ ಜಿಲ್ಲಾ ಆಯೋಗ. ಪೂರ್ತಿ ಹಣ ಕೇಳುವುದಾದರೆ ವಕೀಲರಿಗೆ ಖರ್ಚು ಮಾಡಿದ್ದು ವ್ಯರ್ಥವಾಗುವುದಿಲ್ಲ.

ಹದಿನೈದು ಲಕ್ಷ ಮೇಲಿನ, ಎಲೆಕ್ಟ್ರಾನಿಕ್ಸ್ ತುಂಬಿದ ಗಾಡಿ, ನೀರಿಗೆ ಬಿದ್ದ ಅನುಮಾನ: ಪರಿಣತರ ವರದಿಗೆ ಮೊದಲು ಹಣ ಹಾಕಿ, ಹಳೆಯ ಇನ್ಶೂರೆನ್ಸ್ ಕ್ಲೇಮಿನ ದಾಖಲೆಯನ್ನು ವಿಮಾ ಕಂಪನಿಯಿಂದ ತರಿಸಲು ಆಯೋಗಕ್ಕೇ ಅರ್ಜಿ ಹಾಕಿ. ನೀವಾಗಿ ಕೇಳಿದರೆ ಖಾಸಗಿತನದ ಕಾರಣ ಹೇಳಿ ಕೊಡದಿರಬಹುದು.

ಆರ್‌ಸಿ ಬರಲಿಲ್ಲ, ಕಾಗದ ನಕಲಿ: ಠಾಣೆ ಮತ್ತು ಆಯೋಗ ಎರಡೂ. ಆಯೋಗದಲ್ಲಿ ಗಾಡಿಯನ್ನು ಬೇರೆಯವರಿಗೆ ವರ್ಗಾಯಿಸದಂತೆ ಮಧ್ಯಂತರ ಆದೇಶವನ್ನೂ ಕೇಳಿ.

ಆದೇಶ ಬಂದ ಮೇಲೆ

ಡೀಲರ್ ರಾಜ್ಯ ಆಯೋಗಕ್ಕೆ ಅಪೀಲು ಹೋಗಬೇಕಾದರೆ 45 ದಿನದೊಳಗೆ, ಆದೇಶದ ಅರ್ಧ ಹಣ ಠೇವಣಿ ಇಟ್ಟೇ ಹೋಗಬೇಕು. ಸುಮ್ಮನೆ ಕಾಲ ತಳ್ಳಲು ಅಪೀಲು ಹಾಕುವವರಿಗೆ ಇದು ಒಳ್ಳೆಯ ತಡೆ. ಅಪೀಲೂ ಇಲ್ಲ, ಹಣವೂ ಇಲ್ಲವೆಂದರೆ ಗ್ರಾಹಕರ ಕಾಯ್ದೆಯ 71ನೇ ಕಲಮಿನಡಿ ಡಿಕ್ರಿಯಂತೆ ಜಾರಿ ಅರ್ಜಿ ಹಾಕಿ ಖಾತೆ, ಆಸ್ತಿ ಜಪ್ತಿ ಕೇಳಬಹುದು. 72ನೇ ಕಲಮಿನಡಿ ಆದೇಶ ಪಾಲಿಸದವರಿಗೆ 1 ತಿಂಗಳಿಂದ 3 ವರ್ಷದವರೆಗೆ ಜೈಲು ಅಥವಾ 25,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ನೀವು ಹಣ ಕಳಿಸಿದ ಡೀಲರ್‌ನ ಬ್ಯಾಂಕ್ ಖಾತೆಯ ವಿವರ ಆಗ ಕೆಲಸಕ್ಕೆ ಬರುತ್ತದೆ. ನಗದು ಕೊಟ್ಟವರಿಗೆ ಆ ಎಳೆಯೂ ಇರುವುದಿಲ್ಲ.

ರಾಜಿಯಲ್ಲೋ ಆದೇಶದಲ್ಲೋ ಗಾಡಿ ವಾಪಸ್ ಕೊಡುವ ದಿನ ಹಣ ಬಂತೆಂಬ ಖುಷಿಯಲ್ಲಿ ಕೀಲಿ ಕೊಟ್ಟು ಬಂದುಬಿಡಬೇಡಿ. ಆರ್‌ಸಿ ನಿಮ್ಮ ಹೆಸರಿನಲ್ಲೇ ಉಳಿದು, ಆ ಗಾಡಿ ನಾಳೆ ಯಾರಿಗಾದರೂ ಡಿಕ್ಕಿ ಹೊಡೆದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದ್ದೇ ಎಂದು ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಡೀಲರ್‌ಗೆ ಅಧಿಕಾರ ಪತ್ರವಿದ್ದರೆ 29ಸಿ ಸಲ್ಲಿಸಿ, ಇಲ್ಲದಿದ್ದರೆ ನಮೂನೆ 29 ಮತ್ತು 30ರಲ್ಲಿ ಅವನದೇ ಹೆಸರು ತುಂಬಿಸಿ. ಖರೀದಿದಾರನ ಜಾಗ ಖಾಲಿ ಬಿಟ್ಟು ಸಹಿ ಹಾಕಬೇಡಿ. ಸಾಲವಿದ್ದರೆ ಮುಗಿಸಿ, ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ನಮೂನೆ 35 ಪಡೆಯಿರಿ. ಫಾಸ್ಟ್ಯಾಗ್ ಮುಚ್ಚಿಸಿ. ಗಾಡಿ ಒಪ್ಪಿಸಿದ ದಿನಾಂಕ, ಗಂಟೆ, ಮೀಟರ್ ಓದಿಕೆ ಬರೆದ ಕಾಗದಕ್ಕೆ ಡೀಲರ್‌ನ ಸಹಿ, ಸೀಲು ಹಾಕಿಸಿಕೊಂಡು, ಪೋರ್ಟಲ್‌ನಲ್ಲಿ ಹೆಸರು ಬದಲಾಗುವವರೆಗೂ ವಾರಕ್ಕೊಮ್ಮೆ ನೋಡುತ್ತಿರಿ.